ದೊಡ್ಡಮಾವನವರ ಬೋಲಿ

ನಮ್ಮ ದೊಡ್ಡಮಾವನವರಷ್ಟು ಚಟ್ಟನೆ ನಿರ್ಧಾರ ಮಾಡುವವರು ಗದಗ-ಬೆಟಗೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವರಷ್ಟು ನಿಧಾನದವರೂ ಇನ್ನೊಬ್ಬರಿರಲಿಲ್ಲ. ಎರಡೂ ಹೇಗೆ ಸಾಧ್ಯ ಅನ್ನುತ್ತೀರಾ? ಎಲ್ಲವೂ ಅವರ ಕೈಯಲ್ಲಿ ಇಸ್ಪೀಟಿನ ಎಲೆಗಳಿವೆಯೋ ಇಲ್ಲವೋ ಎಂಬುದರ ಮೇಲಿತ್ತು. ಕೈ ಖಾಲಿ ಇದ್ದಾಗ ಹೊಲ ಕೊಳ್ಳುವುದೋ ಬಿಡುವುದೋ, ಅಟ್ಟ ಕಟ್ಟಿಸುವುದೋ ಬೇಡವೋ, ಯಾರ ಮನೆಯ ಸಂಬಂಧ ಬೆಳೆಸುವುದು, ಎಲ್ಲವೂ ಒಂದು ಕಪ್ಪು ಚಹಾ ಕುಡಿದು ಕೆಳಗಿಡುವುದರೊಳಗೆ ತೀರ್ಮಾನವಾಗುತ್ತಿತ್ತು. ಕೈಯಲ್ಲಿ ಹದಿಮೂರು ಎಲೆ ಬಂದವೋ, ಮೂರು ಬದಾಮು ಅನ್ನಬೇಕೋ ನಾಲ್ಕು ಬದಾಮು ಅನ್ನಬೇಕೋ ಎಂದು ಅವರು ಯೋಚಿಸುವಷ್ಟರಲ್ಲಿ ಅದೇ ಚಹಾ ಆರಿ, ಮತ್ತೆ ಕಾಯಿಸಿ ತಂದು, ಮತ್ತೆ ಆರಿಹೋಗುತ್ತಿತ್ತು.

ಅವರ ಹೆಂಡತಿ, ಅಂದರೆ ನಮ್ಮ ದೊಡ್ಡತ್ತೆ, ಅಡಿಗೆಮನೆಯಿಂದಲೇ ಅನ್ನುತ್ತಿದ್ದರು. "ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿನ್ನೂದು ಮುಗಿಯೂದರಾಗ ಹೂಂ ಅಂದ ಮನಶಾ ಇವರು. ಆಗ ಇಷ್ಟು ಯೋಚನಿ ಮಾಡಿದ್ದರ ನಾನರ ಪಾರಾಗತಿದ್ದೆ."

ದೊಡ್ಡಮಾವ ಎಲೆಗಳಿಂದ ತಲೆ ಎತ್ತುತ್ತಿರಲಿಲ್ಲ.

ಅವರು ನನ್ನ ಗಂಡನ ದೊಡ್ಡಪ್ಪ. ನನ್ನವರ ತಂದೆ-ತಾಯಿ ಬೇಗ ತೀರಿಕೊಂಡದ್ದರಿಂದ ಅವರನ್ನು ಸಾಕಿ ಬೆಳೆಸಿದವರು ಈ ಇಬ್ಬರೇ. ಹಾಗಾಗಿ ನನಗೆ ಅತ್ತೆ-ಮಾವ ಎಲ್ಲ ಅವರೇ. ಬೆಟಗೇರಿಯ ನೇಕಾರರ ಮನೆ. ಹಿಂದಿನ ಕೋಣೆಯಲ್ಲಿ ಮಗ್ಗಗಳು, ಬೀದಿಯ ಕಡೆಗೆ ನನ್ನವರ ಸೀರೆ ಅಂಗಡಿ, ನಡುವೆ ಪಡಸಾಲೆ. ಆ ಮನೆತನದಲ್ಲಿ ಮೊದಲು ಕಾನೂನು ಓದಿ ಕರಿ ಕೋಟು ಹಾಕಿದವರು ದೊಡ್ಡಮಾವ. ಗದಗಿನ ಕೋರ್ಟಿನಲ್ಲಿ ಅವರು ಕಡಿಮೆ ಮಾತಿನ ವಕೀಲರೆಂದು ಹೆಸರು ಮಾಡಿದ್ದರು. ಬ್ರಿಜ್ ಆಟವನ್ನು ಮುಂಬೈಯಲ್ಲಿ ಓದುವಾಗ ಕಲಿತು ಬಂದಿದ್ದರಂತೆ. ಕಾನೂನು ಕಲಿತದ್ದು ಹೊಟ್ಟೆಪಾಡಿಗೆ, ಬ್ರಿಜ್ ಕಲಿತದ್ದು ಬದುಕುವುದಕ್ಕೆ ಎಂದು ದೊಡ್ಡತ್ತೆಯ ಅಭಿಪ್ರಾಯ.

ಬ್ರಿಜ್ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ನಾಲ್ಕು ಜನ ಆಡುವ ಆಟ, ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ಆಡುವುದಕ್ಕೆ ಮುಂಚೆ ಹರಾಜಿನ ಹಾಗೆ ಒಬ್ಬರ ಮೇಲೊಬ್ಬರು ಬೋಲಿ ಹೇಳಬೇಕು. ಬದಾಮು, ಚೌಕಟ, ಇಸ್ಪೀಟು, ಕಿಲಾವರ ಎಂಬ ನಾಲ್ಕು ಬಣ್ಣಗಳಲ್ಲಿ ಇಂಥದ್ದು ಹುಕುಮ್ ಆದರೆ, ಅಂದರೆ ಉಳಿದವನ್ನು ಹೊಡೆಯುವ ಬಣ್ಣವಾದರೆ, ಹದಿಮೂರು ಸುತ್ತಿನಲ್ಲಿ ನಾವಿಬ್ಬರೂ ಸೇರಿ ಇಷ್ಟು ಪಟ್ಟು ಗೆಲ್ಲುತ್ತೇವೆ ಅಂತ. ಹೇಳಿದ ಸಂಖ್ಯೆಗೆ ಆರು ಕೂಡಿಸಿದಷ್ಟು ಪಟ್ಟು ಗೆಲ್ಲಬೇಕು, ಹೇಳಲು ಒಲ್ಲದವರು ಪಾಸ್ ಅನ್ನಬೇಕು. ಜಾಸ್ತಿ ಹೇಳಿ ಗೆಲ್ಲದಿದ್ದರೆ ಸೋಲು. ಕಡಿಮೆ ಹೇಳಿದರೆ ಒಳ್ಳೆಯ ಎಲೆ ಬಂದದ್ದೂ ವ್ಯರ್ಥ. ಎದುರಿನವರ ಎಲೆ ನೋಡುವಂತಿಲ್ಲ, ಕಣ್ಣು ಮಿಟುಕಿಸುವಂತಿಲ್ಲ, ಕೆಮ್ಮುವಂತಿಲ್ಲ. ಅವರ ಕೈಯಲ್ಲಿ ಏನಿದೆ ಎಂಬುದನ್ನು ಅವರು ಹೇಳಿದ ಬೋಲಿಯಿಂದಲೇ ತಿಳಿದುಕೊಳ್ಳಬೇಕು. ಆಡುವುದು ಸುಲಭ, ಬೋಲಿ ಹೇಳುವುದೇ ಕಷ್ಟ. ಪಣ ಗಿಣ ಏನೂ ಇಲ್ಲ. ಅಷ್ಟು ಯೋಚಿಸಿ ಅವರು ಗೆಲ್ಲುತ್ತಿದ್ದುದು ಬರೀ ಗೆಲುವನ್ನೇ.

ಪ್ರತಿ ಭಾನುವಾರ ಮಧ್ಯಾಹ್ನ ಪಡಸಾಲೆಯಲ್ಲಿ ಜಮಖಾನೆ ಹಾಸಿದರೆ ಅದರ ಮೇಲೆ ಮೂರು ಸರ್ಕಾರಗಳು ಕುಳಿತುಕೊಳ್ಳುತ್ತಿದ್ದವು. ನಗಬೇಡಿ, ಇದು ಉತ್ಪ್ರೇಕ್ಷೆಯಲ್ಲ. ಆಗ ಗದಗ ಮತ್ತು ಮುಂಡರಗಿ ಮುಂಬೈ ಇಲಾಖೆಗೆ ಸೇರಿದ್ದವು. ಲಕ್ಷ್ಮೇಶ್ವರ ಒಂದು ಸಂಸ್ಥಾನದ್ದು, ಶಿರಹಟ್ಟಿ ಮತ್ತೊಂದು ಸಂಸ್ಥಾನದ್ದು. ದೊಡ್ಡಮಾವನ ಜೋಡಿ ಲಕ್ಷ್ಮೇಶ್ವರದ ಸಂಸ್ಥಾನದ ದವಾಖಾನೆಯ ಡಾಕ್ಟರು. ಇವರಿಬ್ಬರ ಎದುರಾಳಿಗಳು ಶಿರಹಟ್ಟಿಯ ರಾಯರು ಮತ್ತು ಮುಂಡರಗಿಯ ಹತ್ತಿ ಸಾಹುಕಾರರು. ರಾಯರು ಸಂಸ್ಥಾನದ ಕಚೇರಿಯಲ್ಲಿ ನೌಕರಿ ಮುಗಿಸಿದವರು, ಕಾಯಿದೆ ಬಿಟ್ಟು ಒಂದು ಹೆಜ್ಜೆ ಇಡದವರು. ಸಾಹುಕಾರರು ದೊಡ್ಡ ಮೈಯವರು, ದೊಡ್ಡ ದನಿಯವರು, ಎಲ್ಲಿ ಕುಳಿತರೂ ನಿದ್ದೆ ಮಾಡಬಲ್ಲವರು. ದೊಡ್ಡಮಾವ ಯೋಚನೆಗೆ ಇಳಿದರೆ ಸಾಹುಕಾರರು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಬೋಲಿ ಹೇಳಿದ ಮೇಲೆ ರಾಯರು ಅವರ ಮೊಣಕಾಲು ತಟ್ಟಬೇಕಾಗಿತ್ತು.

ಒಮ್ಮೆ ರಾಯರು ತಡೆಯದೆ ಕೇಳಿಯೇ ಬಿಟ್ಟರು. "ವಕೀಲರ, ನಿಮ್ಮ ಯೋಚನಿ ನ್ಯಾಯ ಅಲ್ರಿ. ನೀವು ಇಷ್ಟೊತ್ತು ಯೋಚನಿ ಮಾಡಿ ಪಾಸ್ ಅಂದ್ರಿ ಅಂದ್ರ, ನಿಮ್ಮ ಕೈಯಾಗ ಏನೋ ಚೊಲೊ ಎಲಿ ಐತಿ ಅಂತ ಡಾಕ್ಟರಿಗೆ ತಿಳೀತೈತಿ. ಬಾಯಿಲೆ ಹೇಳದ ಹೇಳಿದಂಗ ಆತಲ್ಲ?"

ಮಾತು ನಿಜವಾಗಿತ್ತು. ದೊಡ್ಡಮಾವ ಅದನ್ನು ಅಲ್ಲಿಯೇ ಒಪ್ಪಿಕೊಂಡರು. "ಖರೆ ಐತ್ರಿ. ಇನ್ನ ಮ್ಯಾಲೆ ಹಂಗ ಆಗಾಕ ಬಿಡೂದಿಲ್ಲ."

ಎಲ್ಲರೂ ನಿಟ್ಟುಸಿರು ಬಿಟ್ಟರು. ಇನ್ನು ಮೇಲೆ ಬೇಗ ಹೇಳುತ್ತಾರೆ ಎಂದುಕೊಂಡರು. ಆದರೆ ಮುಂದಿನ ಭಾನುವಾರದಿಂದ ದೊಡ್ಡಮಾವ ಒಂದೂ ಎಕ್ಕವಿಲ್ಲದ, ಒಂದೂ ರಾಜನಿಲ್ಲದ, ಎರಡು ಮೂರು ನಾಲ್ಕುಗಳೇ ತುಂಬಿದ ಕೈಗೂ ಅಷ್ಟೇ ಹೊತ್ತು ಯೋಚಿಸತೊಡಗಿದರು. ಎಲ್ಲದಕ್ಕೂ ಸಮನಾಗಿ ಯೋಚಿಸಿದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ಅವರ ನ್ಯಾಯ. ರಾಯರು ಆಮೇಲೆ ಕಾಯಿದೆಯ ಮಾತು ಎತ್ತಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ಮೊದಲ ಚಳಿಗಾಲದಲ್ಲಿ. ನನ್ನ ತವರು ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿ. ದೊಡ್ಡತ್ತೆ ನನ್ನನ್ನು "ಸಂಸ್ಥಾನದಾಕಿ" ಎಂದು ಕರೆಯುತ್ತಿದ್ದರು. ಆಗಿನ ಪದ್ಧತಿಯಂತೆ ಸೊಸೆಯಾದವಳು ಹಿರಿಯ ಮಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಅವರೂ ಅಷ್ಟೆ. ನಾನು ಎದುರಿಗೇ ನಿಂತಿದ್ದರೂ ಪಡಸಾಲೆಯ ಕಂಬದ ಕಡೆ ತಿರುಗಿ, "ನೀರು ಸಿಗತಾವೇನು?" ಎಂದು ಕೇಳುತ್ತಿದ್ದರು. ನಾನು ನೀರು ತಂದು ಕಂಬದ ಬುಡದಲ್ಲಿಟ್ಟು ಹೋಗುತ್ತಿದ್ದೆ. ಕಂಬಕ್ಕೆ ಎಷ್ಟು ಬಾಯಾರಿಕೆ ಎಂದು ಒಳಗೆ ಹೋಗಿ ನಗುತ್ತಿದ್ದೆ.

ಹೀಗಿರುವಾಗ ಸಂಸ್ಥಾನಗಳು ಮುಂಬೈ ಪ್ರಾಂತದಲ್ಲಿ ಸೇರಿಹೋದವು. ಊರೂರಿನಲ್ಲಿ ಸಿಹಿ ಹಂಚಿದರು. ಮೂರು ಸರ್ಕಾರ ಒಂದೇ ಸರ್ಕಾರವಾಯಿತು. ಆ ಒಂದೇ ಸರ್ಕಾರ ಮಾಡಿದ ಮೊದಲ ಕೆಲಸ ಲಕ್ಷ್ಮೇಶ್ವರದ ಡಾಕ್ಟರನ್ನು ರತ್ನಾಗಿರಿಗೆ ವರ್ಗ ಮಾಡಿದ್ದು. ಡಾಕ್ಟರು ಹೇಳಿ ಹೋಗಲು ಬಂದ ದಿನ ದೊಡ್ಡಮಾವ ಅವರನ್ನು ಟಾಂಗಾದವರೆಗೆ ಕಳಿಸಿ ಬಂದು ಜಮಖಾನೆ ತಾವೇ ಸುತ್ತಿಟ್ಟರು.

"ದೇಶ ಕೂಡಿತು, ನನ್ನ ಜೋಡಿ ಮುರೀತು" ಎಂದು ಕಂಬಕ್ಕೆ ಹೇಳಿದರು.

ನಾಲ್ಕನೆಯವರಿಗಾಗಿ ಹುಡುಕಾಟ ಶುರುವಾಯಿತು. ಒಬ್ಬ ಪೋಸ್ಟ್ ಮಾಸ್ತರರು ಬಂದರು. ದೊಡ್ಡಮಾವ ಯೋಚಿಸುವಾಗ ಅವರಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ, ಮಳೆ-ಬೆಳೆ, ಮಕ್ಕಳ ಹಲ್ಲು ಎಲ್ಲದರ ವರದಿ ಒಪ್ಪಿಸುತ್ತಿದ್ದರು. ಎರಡು ಭಾನುವಾರಕ್ಕೆ ಅವರು ಮುಗಿದರು. ಆಮೇಲೆ ನನ್ನ ಗಂಡನನ್ನು ಹಿಡಿದು ಕೂರಿಸಿದರು. ದೊಡ್ಡಮಾವ ಯೋಚನೆಯಲ್ಲಿದ್ದಾಗ ಅಂಗಡಿಗೆ ಗಿರಾಕಿ ಬಂದರು. ನನ್ನವರು ಎಲೆಗಳನ್ನು ಕವಚಿಟ್ಟು ಎದ್ದು ಹೋದರು. ಹೆಣ್ಣಿನ ಕಡೆಯವರು ಹತ್ತಾರು ಸೀರೆ ಬಿಚ್ಚಿಸಿ ನೋಡಿ, ಅಂಚು ಎಳೆದು ನೋಡಿ, ಒಂದನ್ನು ಆರಿಸಿ ತೆಗೆದುಕೊಂಡು ಹೋದರು. ನನ್ನವರು ತಿರುಗಿ ಬಂದು ಕುಳಿತಾಗ ದೊಡ್ಡಮಾವ "ಪಾಸ್" ಅಂದರು.

"ದೊಡ್ಡಪ್ಪಾ, ನೀವು ಒಲ್ಲೆ ಅನ್ನೂದರಾಗ ನಾ ಒಂದು ಮದುವಿ ಸೀರಿ ಮಾರಿ ಬಂದೆ" ಎಂದು ನನ್ನವರು ಎದ್ದವರು ಮತ್ತೆ ಕೂರಲಿಲ್ಲ.

ನಾನೇಕೆ ಕಲಿತೆ ಎಂದು ಕೇಳಿದರೆ ನಿಜವಾದ ಉತ್ತರ ಬೇಸರ. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಓದು ಅಂದರೆ ಪ್ರಾಣವಾಗಿತ್ತು, ಈ ಮನೆಯಲ್ಲಿ ಓದುವುದಕ್ಕೆ ದೊಡ್ಡಮಾವನ ಕಾಯಿದೆ ಪುಸ್ತಕ ಬಿಟ್ಟರೆ ಏನೂ ಇರಲಿಲ್ಲ. ಚಹಾ ಕೊಡಲು ಬಂದಾಗಲೆಲ್ಲ ಎಲೆಗಳನ್ನು ನೋಡುತ್ತ ನಿಲ್ಲುತ್ತಿದ್ದೆ. ದೊಡ್ಡಮಾವ ಅದನ್ನು ಗಮನಿಸಿದ್ದರು. ಒಂದು ದಿನ ಜಮಖಾನೆಯ ಮೇಲೆ ಎಲೆಗಳನ್ನು ಹರಡಿ ದೊಡ್ಡತ್ತೆಯನ್ನು ಕರೆದರು.

"ಆಕಿಗೆ ಹೇಳು. ಎಕ್ಕಕ್ಕ ನಾಲ್ಕು ಅಂಕ, ರಾಜಾಗ ಮೂರು, ರಾಣಿಗೆ ಎರಡು, ಗುಲಾಮಗ ಒಂದು. ಹದಿಮೂರು ಆದ್ರ ಬಾಯಿ ತಗೀಬೇಕು."

ದೊಡ್ಡತ್ತೆ ನನ್ನ ಕಡೆ ತಿರುಗಿದರು. "ಕೇಳಿದೆಲ್ಲ? ರಾಣಿಗೆ ರಾಜಾಗಿಂತ ಕಡಿಮಿ ಅಂತ. ಮತ್ತೇನು ಕಲೀತಿ ಇಂಥಾ ಆಟ?"

ಹಾಗೆಯೇ ಒಂದು ತಿಂಗಳು ಪಾಠ ನಡೆಯಿತು. ಗುರು ದೊಡ್ಡತ್ತೆಗೆ ಹೇಳುವುದು, ದೊಡ್ಡತ್ತೆ ತಮ್ಮ ಟೀಕೆ ಸೇರಿಸಿ ನನಗೆ ಹೇಳುವುದು. ಒಂದು ಪಾಠ ಮಾತ್ರ ನನಗೆ ಈಗಲೂ ನೆನಪಿದೆ. "ಆಕಿಗೆ ಹೇಳು, ಬೋಲಿ ಅಂದ್ರ ಎದುರಿನವರಿಗೆ ನಮ್ಮ ಕೈಯಾಗ ಏನೈತಿ ಅಂತ ತಿಳಿಸೂದು. ಇದ್ದದ್ದಕ್ಕಿಂತ ಹೆಚ್ಚು ಹೇಳಬಾರದು. ಇದ್ದದ್ದನ್ನ ಮುಚ್ಚಿಡೂದೂ ತಪ್ಪು."

ನಾನು ಜಮಖಾನೆಯ ಮೇಲೆ ಕುಳಿತ ಮೊದಲ ಭಾನುವಾರ ಶಿರಹಟ್ಟಿಯ ರಾಯರು ಎದ್ದು ನಿಂತರು. "ವಕೀಲರ, ಹೆಣ್ಮಕ್ಕಳ ಜೋಡಿ ಇಸ್ಪೀಟ ಆಡೂದು ಹೆಂಗ್ರಿ?"

ದೊಡ್ಡಮಾವನ ಕೈಯಲ್ಲಿ ಆಗಿನ್ನೂ ಎಲೆ ಇರಲಿಲ್ಲ. ಆದ್ದರಿಂದ ಉತ್ತರ ತಕ್ಷಣ ಬಂತು. "ಕುಂತು ಆಡೂದ್ರಿ."

ರಾಯರು ಹೊರಗಿನ ಬಿಸಿಲು ನೋಡಿದರು. ಶಿರಹಟ್ಟಿಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಕುಳಿತರು.

ಎಲೆ ಹಂಚಿದರು. ಮೊದಲ ಬೋಲಿ ನನ್ನದೇ. ಎಣಿಸಿದೆ, ಹದಿನಾಲ್ಕು ಅಂಕಗಳಿದ್ದವು. ಮದುವೆಯಾಗಿ ಎರಡು ವರ್ಷದ ಮೇಲೆ ನಾನು ದೊಡ್ಡಮಾವನವರ ಮುಖ ನೋಡಿ ನೇರವಾಗಿ ಆಡಿದ ಮೊದಲ ಮಾತು "ಒಂದು ಚೌಕಟ" ಎಂಬುದು. ಅವರು ಬಹಳ ಹೊತ್ತು ಯೋಚಿಸಿ ನನಗೆ ನೇರವಾಗಿ ಹೇಳಿದ ಮೊದಲ ಮಾತು "ಎರಡು ಚೌಕಟ." ಒಪ್ಪಿಗೆಯಾಯಿತು ಎಂದು ಅದರ ಅರ್ಥ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡತ್ತೆ, "ಮಾತು ಸುರು ಆತು ನೋಡು, ಇನ್ನ ನನ್ನ ಯಾರು ಕೇಳತಾರ?" ಎಂದು ಒಳಗೆ ಹೋದರು.

ಆಟ ಮುಗಿದ ಕೂಡಲೇ ಮತ್ತೆ ಕಂಬದ ಮಾತೇ. ವಾರವೆಲ್ಲ ಕಂಬ, ಭಾನುವಾರ ಮಧ್ಯಾಹ್ನ ಇಬ್ಬರೂ ಎದುರುಬದುರು. ಮಗಳು ಹುಟ್ಟಿದಾಗ ಮೂರು ತಿಂಗಳು ಶಿಗ್ಲಿಯಲ್ಲಿದ್ದು ಬಂದೆ. ತೊಟ್ಟಿಲು ನೋಡಲು ಬಂದ ದೊಡ್ಡಮಾವ ಕೂಸಿನ ಕಡೆ ಬಗ್ಗಿ, "ನಿಮ್ಮವ್ವಗ ಹೇಳು, ರಾಯರು ಬಾಳ ಗೆದ್ದಾರ" ಎಂದರು. ಅದೇ ಅವರು ನನ್ನ ಕ್ಷೇಮಸಮಾಚಾರ ಕೇಳಿದ ರೀತಿ.

ವರ್ಷಗಳು ಹೋದವು. ಏಕೀಕರಣದ ಗದ್ದಲ ಊರೆಲ್ಲ ತುಂಬಿತು. ಸಾಹುಕಾರರು ಸಭೆಗಳಲ್ಲಿ ಕೂಗಿ ಕೂಗಿ ದನಿ ಕಳೆದುಕೊಂಡು, ಬೋಲಿಯನ್ನು ಬೆರಳಿನಲ್ಲಿ ತೋರಿಸುತ್ತಿದ್ದರು. ರಾಯರಿಗೆ ಅನುಮಾನ. "ಮೈಸೂರಿನವರು ನಮ್ಮ ಮಾತು ತಿಳಕೊಂತಾರೇನ್ರಿ?" ಎಂದು ಕೇಳುತ್ತಿದ್ದರು. ದೊಡ್ಡಮಾವ ಈ ವಿಷಯದಲ್ಲಿ ಎಂದೋ ನಿರ್ಧರಿಸಿಯಾಗಿತ್ತು. "ಕನ್ನಡ ಮಂದಿ ಕೂಡಬೇಕು. ತಿಳಕೊಳ್ಳೂದು ಆಮ್ಯಾಲೆ" ಎಂದಿದ್ದರು.

ರಾಜ್ಯ ಆಗುವ ಹಿಂದಿನ ದಿನ ಭಾನುವಾರವಲ್ಲ. ಆದರೂ ಮರುದಿನದ ಮೆರವಣಿಗೆಗೆಂದು ರಾಯರೂ ಸಾಹುಕಾರರೂ ಮುಂಚೆಯೇ ಬಂದಿದ್ದರು, ದೀಪಾವಳಿಯ ಹೊತ್ತು ಬೇರೆ. ಜಮಖಾನೆ ಹಾಸಿದೆವು. ಓಣಿಯಲ್ಲಿ ತೋರಣ ಕಟ್ಟುವವರ ಗಲಾಟೆ, ಪಟಾಕಿ. ನಾನು ಒಂದು ಬದಾಮು ಅಂದೆ. ರಾಯರು ಒಂದು ಇಸ್ಪೀಟು. ದೊಡ್ಡಮಾವ ತಮ್ಮ ಲೆಕ್ಕದಲ್ಲಿ ಬೇಗನೆ ಮೂರು ಬದಾಮು ಅಂದರು. ಸಾಹುಕಾರರು ನಾಲ್ಕು ಬೆರಳು ಎತ್ತಿ ಇಸ್ಪೀಟಿನ ಎಕ್ಕದ ಆಕಾರ ಗಾಳಿಯಲ್ಲಿ ಬರೆದರು. ನಾನು ಪಾಸ್, ರಾಯರು ಪಾಸ್. ಈಗ ದೊಡ್ಡಮಾವ ಹೇಳಬೇಕು.

ಅವರು ಪಾಸ್ ಅಂದರೆ ಎದುರಾಳಿಗಳು ಹತ್ತು ಪಟ್ಟು ಗೆದ್ದುಬಿಡಬಹುದು. ಐದು ಬದಾಮು ಅಂದರೆ ನಾವು ಹನ್ನೊಂದು ಗೆಲ್ಲಬೇಕು. ಅಷ್ಟು ನಮ್ಮ ಕೈಯಲ್ಲಿದೆಯೋ ಇಲ್ಲವೋ? ದೊಡ್ಡಮಾವ ಕಣ್ಣು ಮುಚ್ಚಿದರು. ಸಾಹುಕಾರರೂ ಕಣ್ಣು ಮುಚ್ಚಿದರು, ಬೇರೆ ಕಾರಣಕ್ಕೆ. ತೋರಣದವರು ನಮ್ಮ ಬಾಗಿಲು ದಾಟಿ ಓಣಿಯ ತುದಿ ಮುಟ್ಟಿದರು. ದೀಪ ಹಚ್ಚುವ ಹೊತ್ತಾಯಿತು. ದೊಡ್ಡತ್ತೆ ಹಣತೆ ತಂದು ಹೊಸ್ತಿಲಲ್ಲಿಟ್ಟು, ನಮ್ಮ ನಡುವೆ ಒಂದಿಟ್ಟು, ತಲೆ ಅಲ್ಲಾಡಿಸಿ ಹೋದರು.

"ವಕೀಲರ, ಜಲ್ದಿ ಹೇಳ್ರಿ" ಎಂದರು ರಾಯರು. "ಮುಂಬೈ ಸರ್ಕಾರದಾಗ ಎಲಿ ಹಂಚೇವಿ. ಮೈಸೂರು ಸರ್ಕಾರದಾಗ ಬೋಲಿ ಕೇಳೂ ಹಂಗ ಆಗಬಾರದು."

ಗೊರಕೆ ನಿಲ್ಲಿಸಿ ಸಾಹುಕಾರರೂ ನಕ್ಕರು. ದೊಡ್ಡಮಾವ ಕಣ್ಣು ತೆರೆದು, "ಐದು ಬದಾಮು" ಅಂದರು.

ಬೋಲಿ ಗೆದ್ದ ಜೋಡಿಯಲ್ಲಿ ಒಬ್ಬರೇ ಆಡುವುದು ಕ್ರಮ. ನಾನು ಆಡಿದೆ, ದೊಡ್ಡಮಾವನ ಎಲೆಗಳು ಜಮಖಾನೆಯ ಮೇಲೆ ಬಿಚ್ಚಿ ಬಿದ್ದಿದ್ದವು. ಎಷ್ಟು ಎಳೆದಾಡಿದರೂ ಹತ್ತೇ ಪಟ್ಟು ಬಂದವು. ಒಂದರಿಂದ ಸೋತೆವು. ಸಾಹುಕಾರರು ತೊಡೆ ತಟ್ಟಿಕೊಂಡರು. ದೊಡ್ಡಮಾವ ಬೇಸರ ಮಾಡಲಿಲ್ಲ. ನಾಲ್ಕೂ ಕೈ ಬಿಚ್ಚಿ ಹರಡಿ ತೋರಿಸಿದರು. ನಾಲ್ಕು ಇಸ್ಪೀಟು ಎದುರಾಳಿಗಳಿಗೆ ಬಿಟ್ಟುಕೊಟ್ಟಿದ್ದರೆ ಸರಾಗವಾಗಿ ಗೆಲ್ಲುತ್ತಿದ್ದರು.

"ಸೋತಿದ್ದು ಖರೆ" ಎಂದರು. "ಆದ್ರ ಕಡಿಮಿ ಸೋತೇವಿ. ಒಮ್ಮೊಮ್ಮೆ ಅಷ್ಟ ನಮ್ಮ ಕೈಯಾಗ ಇರತೈತಿ."

ಮರುದಿನ ಮೆರವಣಿಗೆಯಲ್ಲಿ ರಾಯರೇ ಎಲ್ಲರಿಗಿಂತ ಮುಂದೆ ನಡೆದರು.

ಪಾಡ್ಯದ ಹಬ್ಬಕ್ಕೆ ಶಿಗ್ಲಿಯಿಂದ ನನ್ನ ಅಣ್ಣ ಬಂದ. ಅವನು ಸಾಲಿ ಮಾಸ್ತರ. ಹೊಸ ರಾಜ್ಯದಲ್ಲಿ ಊರೂರಿಗೆ ಶಾಲೆ ಬರುತ್ತವೆ, ಹೆಣ್ಣು ಶಿಕ್ಷಕಿಯರು ಬೇಕಾಗುತ್ತಾರೆ, ತನ್ನ ತಂಗಿ ಧಾರವಾಡಕ್ಕೆ ಹೋಗಿ ಒಂದು ವರ್ಷ ಟ್ರೇನಿಂಗ್ ಮಾಡಲಿ ಎಂದು ಪಡಸಾಲೆಯಲ್ಲಿ ಕುಳಿತು ಕೇಳಿದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಹಾಗೊಂದು ಆಸೆ ನನ್ನೊಳಗಿದೆ ಎಂದು ಆ ಮನೆಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ, ಅಣ್ಣನಿಗೆ ಬಿಟ್ಟು.

"ಕೂಸಿನ್ನ ನಾ ನೋಡಿಕೊಂತೀನಿ. ಆದ್ರ ಮಂದಿ ಏನಂತಾರ?" ಎಂದರು ದೊಡ್ಡತ್ತೆ.

"ದೊಡ್ಡಪ್ಪ ಏನಂತಾರೋ ಅದು" ಎಂದರು ನನ್ನವರು.

ಎಲ್ಲರೂ ದೊಡ್ಡಮಾವನ ಕಡೆ ನೋಡಿದರು. ಕೈಯಲ್ಲಿ ಎಲೆ ಇರಲಿಲ್ಲ, ಚಹಾದ ಕಪ್ಪಿತ್ತು. ಕಪ್ಪು ಕೆಳಗಿಡುವುದರೊಳಗೆ ಉತ್ತರ ಬರಬೇಕು. ಅವರು ಚಹಾ ಕುಡಿದರು. ಕಪ್ಪು ಕೆಳಗಿಟ್ಟರು.

"ಯೋಚನಿ ಮಾಡೂಣು" ಅಂದರು.

ಈ ಮನುಷ್ಯ ಎಲೆ ಇಲ್ಲದೆ ಯೋಚನೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾದರೆ ಇದು ಒಲ್ಲೆ ಅನ್ನುವ ಮರ್ಯಾದೆಯ ಮಾತು ಎಂದುಕೊಂಡೆ.

ಕಾರ್ತಿಕ ಹೋಯಿತು. ಎಳ್ಳಮಾವಾಸ್ಯೆ ಹೋಯಿತು. ನನ್ನವರು ಒಮ್ಮೆ ಕೇಳಿ "ಯೋಚನಿ ನಡದೈತಿ" ಎಂಬ ಉತ್ತರ ತಂದರು. ಭಾನುವಾರಗಳಲ್ಲಿ ಮಾತ್ರ ಎದುರುಬದುರು ಕುಳಿತು ಆಡುತ್ತಲೇ ಇದ್ದೆವು. ಅವರಿಗೆ ಕೇಳಲು ನನ್ನ ಹತ್ತಿರ ಇದ್ದ ಮಾತಾದರೂ ಯಾವುದು? ಬದಾಮು, ಚೌಕಟ, ಇಸ್ಪೀಟು, ಕಿಲಾವರ. ಸಂಕ್ರಮಣದ ಹಿಂದಿನ ಭಾನುವಾರ ಕೈಯಲ್ಲಿ ಏನೂ ಇಲ್ಲದಿದ್ದರೂ "ಆರು ಕಿಲಾವರ" ಅಂದುಬಿಟ್ಟೆ. ಹನ್ನೆರಡು ಪಟ್ಟು ಗೆಲ್ಲಬೇಕಾದ ಬೋಲಿ. ಸಾಹುಕಾರರ ನಿದ್ದೆ ಹಾರಿಹೋಯಿತು. ರಾಯರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಐದು ಪಟ್ಟು ಕಡಿಮೆ ಬಿದ್ದು ಸೋತೆವು. ಅಂಥ ಸೋಲು ಆ ಜಮಖಾನೆ ಕಂಡಿರಲಿಲ್ಲ.

ದೊಡ್ಡಮಾವ ಎಲೆಗಳನ್ನು ಕೂಡಿಸಿ ಹೊಂದಿಸಿಟ್ಟು, ಅಡಿಗೆಮನೆಯ ಕಡೆ ತಿರುಗಿದರು. "ಆಕಿಗೆ ಹೇಳು, ಸಿಟ್ಟಿನ್ಯಾಗ ಬೋಲಿ ಹೇಳಬಾರದು ಅಂತ."

ಎದುರಿಗೇ ಕುಳಿತವಳಿಗೆ ಮತ್ತೆ ದೊಡ್ಡತ್ತೆಯ ಮೂಲಕ! ನನಗೆ ಅಳು ಬಂತು, ಎದ್ದು ಒಳಗೆ ಹೋದೆ. ದೊಡ್ಡತ್ತೆ ನನ್ನ ಕೈಗೆ ಎಳ್ಳಿನ ತಟ್ಟೆ ಕೊಟ್ಟು ಆರಿಸಲು ಕೂರಿಸಿದರು.

ಶಿವರಾತ್ರಿ ಮುಗಿದ ಮೇಲೆ ಅಣ್ಣ ಮತ್ತೆ ಬಂದ. ಈ ವಾರ ಹೆಸರು ಕೊಡದಿದ್ದರೆ ಜಾಗ ಹೋಗುತ್ತದೆ ಎಂದ. ದೊಡ್ಡಮಾವ ಕೋರ್ಟಿಗೆ ಹೊರಟು ಒಂದು ಕಾಲಿಗೆ ಬೂಟು ಹಾಕಿದ್ದರು. ಇನ್ನೊಂದನ್ನು ಹಾಕಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. "ಹೋಗಿ ಬರಲಿ. ಮಂದಿ ಏನರ ಅಂದ್ರ ನನ್ನ ಕಡೆ ಕಳಸ್ರಿ." ಬೂಟಿನ ಲಾಡಿ ಕಟ್ಟಿ ಹೊರಟುಹೋದರು.

"ಇಷ್ಟಕ್ಕ ದೀಪಾವಳಿಯಿಂದ ಕಾಯಬೇಕಾಗಿತ್ತಾ?" ಎಂದು ದೊಡ್ಡತ್ತೆ ಬಾಗಿಲವರೆಗೆ ಹೋಗಿ ಕೇಳಿದರು. ಅವರಾಗಲೇ ಓಣಿ ದಾಟಿದ್ದರು.

ಜೂನಿನಲ್ಲಿ ನಾನು ಹೊರಟೆ. ಗದಗ ಸ್ಟೇಷನ್ನಿಗೆ ಎಲ್ಲರೂ ಬಂದರು. ದೊಡ್ಡಮಾವ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಕೋರ್ಟು ಬಿಟ್ಟು, ಕರಿ ಕೋಟಿನಲ್ಲೇ ಬಂದಿದ್ದರು. ನನ್ನವರು ಪೆಟ್ಟಿಗೆ ಏರಿಸುತ್ತಿದ್ದರು. ದೊಡ್ಡತ್ತೆ ಮಗಳಿಗೆ ಪೇರಲಹಣ್ಣು ಕೊಡಿಸಲು ಆಚೆ ಹೋಗಿದ್ದರು. ಕಿಟಕಿಯ ಒಳಗೆ ನಾನು, ಹೊರಗೆ ದೊಡ್ಡಮಾವ. ಸ್ಟೇಷನ್ನಿನಲ್ಲಿ ಕಂಬಗಳೇನೋ ಬೇಕಾದಷ್ಟಿದ್ದವು. ಅವರು ಯಾವುದರ ಕಡೆಗೂ ತಿರುಗಲಿಲ್ಲ.

ನಾನೇ ಧೈರ್ಯ ಮಾಡಿದೆ. "ಮಾವಾರ, ಒಂದು ಮಾತು ಕೇಳಲೇನ್ರಿ? ಹೂಂ ಅನ್ನಾಕ ಅಷ್ಟು ಯೋಚನಿ ಯಾಕ ಬೇಕಾತ್ರಿ?"

ಅವರು ಬೇಗನೆ ಉತ್ತರ ಕೊಟ್ಟರು. "ಬೇಕಾಗಿದ್ದಿಲ್ಲ ಯವ್ವಾ. ನಿಮ್ಮಣ್ಣ ಕೇಳಿದ ದಿನಾನ ಹೂಂ ಅನ್ನೂದು ಗೊತ್ತಿತ್ತು. ಅಂದಬಿಟ್ರ ನೀ ಹೋಗಿಬಿಡ್ತಿದ್ದಿ. ಅದಕ್ಕ ಸುಮ್ನ ಕುಂತಿದ್ದೆ."

ಗಾಡಿ ಸೀಟಿ ಹಾಕಿತು. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ. ಡಬ್ಬಿಯಲ್ಲಿದ್ದ ಹೆಂಗಸರು, ಎಷ್ಟು ಪದ್ಧತಿಯ ಸೊಸೆ, ಹೊರಗೆ ಹಿರಿಯ ಮಾವ ನಿಂತಿರಬೇಕು ಎಂದುಕೊಂಡರು.